ಹವಳದ ತೊಟ್ಟಿಯ ಎಲ್‌ಇಡಿ ಬಣ್ಣ: ಕಣ್ಣಳತೆ ಇಲ್ಲಿ ನಡೆಯದು

ಮನೆಯಲ್ಲಿ ಜೀವಂತ ಹವಳ ಸಾಕುವ ಉಪ್ಪುನೀರಿನ ತೊಟ್ಟಿಯಲ್ಲಿ ಬೆಳಕಿನ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಬಗೆಯಲ್ಲಿ. ಎಲ್‌ಇಡಿ ದೀಪದ ನೀಲಿ ಚಾನೆಲ್ (ಒಂದೊಂದು ಬಣ್ಣವನ್ನು ಬೇರೆಬೇರೆಯಾಗಿ ಏರಿಳಿಸುವ ಹಿಡಿತ) ಏರಿಸಿದರೂ ತೊಟ್ಟಿ ಮಬ್ಬಾಗಿಯೇ ಕಾಣುತ್ತದೆ. ಸಾಲದೆಂದು ಇನ್ನಷ್ಟು ಏರಿಸುತ್ತಾರೆ. ಕೆಲವೇ ದಿನಗಳಲ್ಲಿ ಮೇಲಿನ ಕಲ್ಲಿನ ಹವಳ ಬಿಳಿಚಿಕೊಳ್ಳುತ್ತದೆ.

ಕಾರಣ ಸರಳ. ಹಗಲಿನಲ್ಲಿ ನಮ್ಮ ಕಣ್ಣು ಚುರುಕಾಗಿರುವುದು 555 ನ್ಯಾನೋಮೀಟರ್ ಸುತ್ತಲಿನ ಹಸಿರು-ಹಳದಿಗೆ. 450ರ ನೀಲಿ ಅಷ್ಟೇ ಶಕ್ತಿಯಲ್ಲಿ ಬಂದರೂ ಅದರ ಹತ್ತರಲ್ಲೊಂದು ಪಾಲಿನಷ್ಟೂ ಪ್ರಕಾಶವಾಗಿ ಕಾಣದು. ಹವಳದ ಒಡಲಲ್ಲಿರುವ ಜೂಕ್ಸಾಂಥೆಲ್ಲೆ ಪಾಚಿಗೆ ಮಾತ್ರ ಅದೇ ಹೊಟ್ಟೆತುಂಬ ಊಟ: ಅದರ ಕ್ಲೋರೋಫಿಲ್ ಎ 430ರ ಸುತ್ತ, ಕ್ಲೋರೋಫಿಲ್ ಸಿ2 450ರ ಸುತ್ತ ಬೆಳಕು ಹೀರುತ್ತವೆ, ಪೆರಿಡಿನಿನ್ ಎಂಬ ಬಣ್ಣಕ ಅಲ್ಲಿಂದ ಹಸಿರಿನವರೆಗಿನ ಬೆಳಕನ್ನು ಹಿಡಿಯುತ್ತದೆ. ಮೊಬೈಲಿನ ಲಕ್ಸ್ ಆ್ಯಪ್ ಕೂಡ ನಮ್ಮ ಕಣ್ಣಿನ ಲೆಕ್ಕವನ್ನೇ ಹಾಕುವುದರಿಂದ ನೀಲಿ ಬೆಳಕಿನಡಿ ಅದೂ ಸುಳ್ಳು ಹೇಳುತ್ತದೆ.

ಆದ್ದರಿಂದ ಬಣ್ಣದ ಅನುಪಾತವನ್ನು ಮೊದಲು ನಿಲ್ಲಿಸಿ. ಒಟ್ಟು ತೀವ್ರತೆಯನ್ನು ಆಮೇಲೆ, ಅಳೆದು, ನಿಧಾನವಾಗಿ ಏರಿಸಿ. ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

60 × 45 × 45 ಸೆಂಟಿಮೀಟರ್, ಅಂದರೆ ಸುಮಾರು 120 ಲೀಟರಿನ ಮೆದು, ಗಟ್ಟಿ ಹವಳಗಳೆರಡೂ ಇರುವ ಮಿಶ್ರ ತೊಟ್ಟಿಯನ್ನೇ ತೆಗೆದುಕೊಳ್ಳೋಣ. ದೀಪವನ್ನು ನೀರಿನಿಂದ 20–25 ಸೆಂಟಿಮೀಟರ್ ಮೇಲೆ ತೂಗುಹಾಕಿ. ತೀರ ಹತ್ತಿರವಿದ್ದರೆ ಬಣ್ಣಗಳು ಬೆರೆಯದೆ ಮರಳಿನ ಮೇಲೆ ಕೆಂಪು, ಹಸಿರು ಚುಕ್ಕೆಗಳು ಕುಣಿಯುತ್ತವೆ. ಈಗಿರುವ ಸೆಟ್ಟಿಂಗಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಚಾನೆಲ್‌ಗಳನ್ನು ಹೀಗೆ ಇಡಿ:

ರಾಯಲ್ ಬ್ಲೂ (450) – ಶೇ 100
ನೀಲಿ (470–480) – ಶೇ 100
ನೇರಳೆ (400–420) – ಶೇ 80
ತಂಪು ಬಿಳಿ – ಶೇ 20
ಕೆಂಪು (660), ಹಸಿರು – ತಲಾ ಶೇ 5

ಇದು ಅನುಪಾತ ಮಾತ್ರ. ಒಟ್ಟು ತೀವ್ರತೆಯನ್ನು ಶೇ 35ರಿಂದ ಶುರುಮಾಡಿ. ಒಂದು ದೀಪದ ಶೇ 35 ಇನ್ನೊಂದರ ಶೇ 35ಕ್ಕೆ ಸಮವಲ್ಲ. ಪರರ ಸೆಟ್ಟಿಂಗನ್ನು ಹಾಗೆಯೇ ನಕಲು ಮಾಡಿ ಹವಳ ಸುಟ್ಟುಕೊಂಡವರಿಗೆ ಲೆಕ್ಕವಿಲ್ಲ.

ಬಿಳಿಯನ್ನು ಪೂರ್ತಿ ಆರಿಸುವ ಚಾಳಿ ಬೇಡ. ಹಸಿರು ಜ್ವಲಿಸುವ ಹವಳಗಳಲ್ಲಿ ಫ್ಲೋರೊಸೆಂಟ್ ಪ್ರೋಟೀನ್ ಇರುತ್ತದೆ. ಅದು ನೀಲಿಯನ್ನು ಹೀರಿ ಹಸಿರನ್ನು ಉಗುಳುವುದರಿಂದ ನೀಲಿಯೊಂದೇ ಸಾಕು. ಅಕ್ರೋಪೋರಾ ಎಂಬ ಕವಲೊಡೆಯುವ ಗಟ್ಟಿ ಹವಳದ ನೇರಳೆ, ಗುಲಾಬಿ ಬಣ್ಣಗಳು ಬಹುಪಾಲು ಕ್ರೋಮೋಪ್ರೋಟೀನಿನವು. ಅವು ಬಿದ್ದ ಬೆಳಕನ್ನು ಪ್ರತಿಫಲಿಸಿಯೇ ಕಾಣಬೇಕು. ಬರೀ ನೀಲಿಯಡಿ ಅವು ಬೂದಿಯ ಮುದ್ದೆಯಂತಿರುತ್ತವೆ. ಹವಳ ಕೆಟ್ಟಿತೆಂದು ಗಾಬರಿಯಾಗುವ ಮೊದಲು ಬಿಳಿಯನ್ನು ಶೇ 30ಕ್ಕೆ ಏರಿಸಿ ನೋಡಿ. ಬಿಳಿ ಎಲ್‌ಇಡಿಯ ಒಳಗಿರುವುದೂ ಹಳದಿ ಫಾಸ್ಫರ್ ಬಳಿದ ನೀಲಿ ಚಿಪ್ಪೇ. ಹಾಗಾಗಿ ಬಿಳಿ ಏರಿಸಿದಾಗ ಹವಳಕ್ಕೆ ಸಿಗುವ ನೀಲಿಯೂ ತುಸು ಏರುತ್ತದೆ ಎಂಬುದು ನೆನಪಿರಲಿ.

ಈಗ ಅಳತೆ. ಪಾಚಿ ಆಹಾರ ತಯಾರಿಸಲು ಬಳಸಬಲ್ಲ ಬೆಳಕನ್ನು ಅಳೆಯುವ ಪಾರ್ ಮೀಟರ್ ದುಬಾರಿ. ಎರಡು ದಿನದ ಮಟ್ಟಿಗೆ ಎರವಲು ಸಿಕ್ಕರೂ ಸಾಕು. ಅಪೋಜೀ ಎಂಕ್ಯು-510 ನೀರಿನೊಳಗಿನ ಅಳತೆಗೆಂದೇ ಮಾಡಿದ್ದು. ಅದೇ ಕಂಪನಿಯ ಹಳೆಯ ಮಾದರಿಗಳು ನೀಲಿಯನ್ನು ಕಡಿಮೆ ತೋರಿಸುತ್ತವೆ. ಸೆನ್ಸರ್ ಮೇಲ್ಮುಖವಾಗಿರಲಿ. ಅಲೆಯಿಂದ ಅಂಕಿ ಜಿಗಿಯುತ್ತಿದ್ದರೆ ಅರ್ಧ ನಿಮಿಷ ನೋಡಿ ಸರಾಸರಿ ಹಿಡಿಯಿರಿ. ಮರಳಿನ ಮೇಲೆ 50–80 ಮೈಕ್ರೋಮೋಲ್ (ಚದರ ಮೀಟರಿಗೆ, ಸೆಕೆಂಡಿಗೆ ಬೀಳುವ ಬೆಳಕು) ಬಂದರೆ ಮಶ್ರೂಮ್ ಹವಳಗಳಿಗೆ ಸಾಕು, ನಡುವಿನ ಕಲ್ಲಿನ ಟಾರ್ಚ್, ಹ್ಯಾಮರ್ ಹವಳಗಳಿಗೆ 100–150, ತುದಿಯ ಅಕ್ರೋಪೋರಾ, ಮಾಂಟಿಪೋರಾಗಳಿಗೆ 200–300.

ಸಮಯ: 10 ಗಂಟೆಗೆ ಹತ್ತಿಸಿ, 12ಕ್ಕೆ ಗರಿಷ್ಠಕ್ಕೆ ತಂದು, ಸಂಜೆ 6ರವರೆಗೆ ಹಾಗೇ ಬಿಟ್ಟು, ಆಮೇಲೆ ನಿಧಾನವಾಗಿ ಇಳಿಸುತ್ತ 8ಕ್ಕೆ ಆರಿಸಿ. ಗರಿಷ್ಠ 200 ಮೈಕ್ರೋಮೋಲ್ ಇದ್ದರೆ ಇಡೀ ದಿನಕ್ಕೆ ಚದರ ಮೀಟರಿಗೆ ಸುಮಾರು 5.8 ಮೋಲ್ ಬೆಳಕು ಬೀಳುತ್ತದೆ. ಆಫೀಸಿನಿಂದ ಬಂದ ಮೇಲೆ ನೋಡಬೇಕೆಂಬ ಆಸೆ ಸಹಜ. ಅದಕ್ಕೆ ವೇಳಾಪಟ್ಟಿಯನ್ನೇ ಮುಂದಕ್ಕೆ ಸರಿಸಿ, ಗಂಟೆಗಳನ್ನು ಸೇರಿಸಬೇಡಿ.

ಇನ್ನು ವಾರಕ್ಕೊಮ್ಮೆ ಮಾತ್ರ, ಶೇ 35 ಇದ್ದದ್ದನ್ನು 40, ಆಮೇಲೆ 45 ಎಂದು ಏರಿಸುತ್ತ ಗುರಿ ಮುಟ್ಟಿ. ಹೊಸ ಹವಳ ಬಂದಾಗ ಅದನ್ನು ಮೊದಲು ಮರಳಿನ ಮೇಲಿಡಿ, ಎರಡು ವಾರದ ನಂತರ ಮೇಲೇರಿಸಿ.

ಹೊಸ ಹವಳವೆಂದಾಗ ಒಂದು ಮಾತು: ಭಾರತದಲ್ಲಿ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಯಲ್ಲಿವೆ. ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಡೈವ್ ಮಾಡಿ ಒಂದು ಚೂರು ಕಿತ್ತು ತಂದರೂ ಅಪರಾಧ.

ಬೆಳಕು ಹೆಚ್ಚಾದರೆ ದೀಪಕ್ಕೆ ಮುಖಮಾಡಿದ ಭಾಗವೇ ಮೊದಲು ಪೇಲವವಾಗುತ್ತದೆ. ಟಾರ್ಚ್ ಹಗಲಿನಲ್ಲೇ ಮುದುಡಿಕೊಳ್ಳುತ್ತದೆ. ಅನುಪಾತ ಮುಟ್ಟದೆ ತೀವ್ರತೆಯನ್ನು ಕಾಲು ಭಾಗ ಇಳಿಸಿ ಎರಡು ವಾರ ಕಾಯಿರಿ. ಹವಳದ ಬಂಧುಗಳಾದ ಝೋಯಾಂಥಿಡ್‌ಗಳು ಕಾಂಡ ನೀಳವಾಗಿ ಚಾಚಿದರೆ ಬೆಳಕು ಸಾಲದು. ಅಕ್ರೋಪೋರಾ ಕಂದು ತಿರುಗಿದರೆ ಮಾತ್ರ ದೀಪವನ್ನು ದೂರುವ ಮೊದಲು ನೀರು ಪರೀಕ್ಷಿಸಿ: ನೈಟ್ರೇಟ್, ಫಾಸ್ಫೇಟ್ ಹೆಚ್ಚಿದರೂ ಒಳಗಿನ ಪಾಚಿ ದಟ್ಟವಾಗಿ ಇದೇ ಬಣ್ಣ ಬರುತ್ತದೆ. ತದ್ವಿರುದ್ಧವಾಗಿ ಎರಡೂ ಸೊನ್ನೆಗಿಳಿದಿದ್ದರೆ ಸಾಧಾರಣ ಬೆಳಕಿಗೂ ಹವಳ ಬಿಳಿಚುತ್ತದೆ. ನೈಟ್ರೇಟ್ 5–10, ಫಾಸ್ಫೇಟ್ 0.03–0.1 ಪಿಪಿಎಂನಲ್ಲಿ ನಿಲ್ಲುವವರೆಗೆ ತೀವ್ರತೆ ಏರಿಸಬೇಡಿ.

ದೀಪದ ಲೆನ್ಸಿನ ಮೇಲೆ ಕೂರುವ ಉಪ್ಪಿನ ಪೊರೆಯೂ ಬೆಳಕು ತಡೆಯುತ್ತದೆ. ವಾರಕ್ಕೊಮ್ಮೆ ಸ್ವಿಚ್ ಆರಿಸಿ, ಆರ್‌ಒ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ. ತಿಂಗಳುಗಟ್ಟಲೆ ಮರೆತು ಒಂದು ದಿನ ಒರೆಸಿದರೆ ಹವಳಕ್ಕೆ ಬೆಳಕು ಥಟ್ಟನೆ ಏರಿದಂತೆ. ಅಂದೇ ತೀವ್ರತೆಯನ್ನು ತುಸು ಇಳಿಸಿ, ಮುಂದಿನ ವಾರ ಮತ್ತೆ ಮೇಲಕ್ಕೆ ತನ್ನಿ.