ತುರುಬಿನ ಮೇಲೆ ನಿಲ್ಲುವ ಸ್ಪೇನಿನ ಮುಸುಕು: ಬಿಳಿ ಸೀರೆಗೆ ಹೊಂದಿಸುವ ಬಗೆ

ಚರ್ಚ್ ಮದುವೆಗೆ 'ಸ್ಪ್ಯಾನಿಷ್ ವೇಲ್' ಬೇಕು ಅಂತ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಅಂಚಿಗೆ ಲೇಸ್ ಹಚ್ಚಿದ ನೆಟ್ ಬಟ್ಟೆ, ಜೊತೆಗೆ ಎರಡು ಪಿನ್. ಇದು ಅರ್ಧ ಸಾಮಾನು ಮಾತ್ರ. ಸ್ಪೇನಿನಲ್ಲಿ ಆ ಮುಸುಕಿಗೆ ಮಾಂತಿಯಾ ಎನ್ನುತ್ತಾರೆ. ಅದಕ್ಕೆ ಆಕಾರ ಕೊಡುವುದು ಪೆಯ್ನೆತಾ, ಅಂದರೆ ತುರುಬಿನ ಮುಂದೆ ನೆಟ್ಟಗೆ ಸಿಕ್ಕಿಸುವ ಎತ್ತರದ ಬಾಚಣಿಗೆ. ಅದಿಲ್ಲದಿದ್ದರೆ ಲೇಸ್ ಎಷ್ಟೇ ದುಬಾರಿಯದಾದರೂ ತಲೆಗೆ ಅಂಟಿಕೊಂಡು ಬರೀ ದುಪಟ್ಟಾದ ಹಾಗೆ ಕಾಣುತ್ತದೆ.

ಬಣ್ಣ ಮೊದಲೇ ತೀರ್ಮಾನಿಸಿ. ಮದುಮಗಳಿಗೆ ಬಿಳಿ ಅಥವಾ ಕೆನೆ ಬಣ್ಣ. ಎತ್ತರದ ಬಾಚಣಿಗೆಯ ಮೇಲೆ ಕಪ್ಪು ಮಾಂತಿಯಾ ಹಾಕುವವರು ಅಲ್ಲಿ ಮದ್ರಿನಾ, ಅಂದರೆ ಮದುಮಗನ ಜೊತೆ ನಿಲ್ಲುವ ಹೆಂಗಸು, ಹೆಚ್ಚಾಗಿ ಅವನ ತಾಯಿ. ಗುಡ್ ಫ್ರೈಡೇ ಹಿಂದಿನ ಪವಿತ್ರ ಗುರುವಾರಕ್ಕೂ ಕಪ್ಪೇ. ನಮ್ಮಲ್ಲಿ ಅತ್ತೆಗೆ ಕಪ್ಪು ಹೊದಿಸಲು ಹೋದರೆ ಮದುವೆಗೆ ಮೊದಲೇ ಜಗಳ. ಆ ಭಾಗ ಬಿಟ್ಟುಬಿಡಿ. ಸಾಲು ಸಾಲು ಚುಕ್ಕೆ ನೆರಿಗೆಯ ಫ್ಲಮೆಂಕೊ ಗೌನನ್ನೂ ಬಿಡಿ, ಅದು ಜಾತ್ರೆಯ ಉಡುಪು, ಮದುವೆಯದಲ್ಲ.

ಐದು ಅಡಿ ಮೂರು ಇಂಚಿನ ಹುಡುಗಿಗೆ 4 ಇಂಚಿನ ಬಾಚಣಿಗೆ ಸಾಕು. ಸ್ಪೇನಿನಲ್ಲಿ ಎತ್ತರದವು 6-8 ಇಂಚು ಇರುತ್ತವೆ, ಆದರೆ ಅದಕ್ಕೆ ಹೂವಿನ ಕಮಾನು, ಕಾರಿನ ಬಾಗಿಲು ಎರಡೂ ಶತ್ರು. ಪ್ಲಾಸ್ಟಿಕ್ ಅಥವಾ ಅಸಿಟೇಟಿನದನ್ನೇ ಕೊಳ್ಳಿ. ಹಿಂದೆ ಇವನ್ನು ಕಡಲಾಮೆಯ ಚಿಪ್ಪಿನಿಂದ ಮಾಡುತ್ತಿದ್ದರು. ಈಗ 'ಅಸಲಿ ಚಿಪ್ಪು' ಎಂದು ಯಾರಾದರೂ ಮಾರಿದರೆ ಅದು 1972ರ ವನ್ಯಜೀವಿ ಕಾಯ್ದೆಯ ಉಲ್ಲಂಘನೆ. ಮೇಲ್ಭಾಗದಲ್ಲಿ ತೂತುತೂತಾದ ಕೆತ್ತನೆ ಇರಲೇಬೇಕು, ಹೊಲಿಗೆ ಹಾಕುವುದು ಅಲ್ಲೇ.

ಮುಸುಕಿನ ಅಳತೆ ಅಗಲ 54 ಇಂಚು, ಉದ್ದ 44 ಇಂಚು. 58 ಇಂಚು ಪನ್ನೆಯ (ಅಂದರೆ ಬಟ್ಟೆಯ ಅಗಲದ) ಮೆದು ನೆಟ್ ಆದರೆ ಒಂದೂಕಾಲು ಮೀಟರ್, 44 ಪನ್ನೆಯದಾದರೆ ಒಂದೂವರೆ ಮೀಟರ್ ತನ್ನಿ. ಪೆಟಿಕೋಟಿಗೆ ಹಾಕುವ ಗಟ್ಟಿ ನೆಟ್ ಬೇಡ, ಅದು ಕೊಡೆಯ ಹಾಗೆ ಸೆಟೆದು ನಿಲ್ಲುತ್ತದೆ. ನಾಲ್ಕೂ ಮೂಲೆಗಳನ್ನು 10 ಇಂಚು ತ್ರಿಜ್ಯದಲ್ಲಿ ದುಂಡಾಗಿ ಕತ್ತರಿಸಿ. ಆಗ ಸುತ್ತಳತೆ ಸುಮಾರು 180 ಇಂಚು. 3 ಇಂಚು ಅಗಲದ, ಹೊರ ಅಂಚು ಎಸಳೆಸಳಾಗಿರುವ ಲೇಸ್ 5 ಮೀಟರ್ ಬೇಕು.

ಕೈ ಕೊಡುವುದು ಮೂಲೆಗಳಲ್ಲೇ. ಲೇಸಿನ ಎಸಳಂಚನ್ನು ನೆಟ್ಟಿನ ಅಂಚಿಗೆ ಸರಿಯಾಗಿ ಕೂರಿಸಿದಾಗ ತಿರುವಿನಲ್ಲಿ ಒಳ ಅಂಚು ಹತ್ತಿರ ಹತ್ತಿರ 5 ಇಂಚು ಹೆಚ್ಚಾಗಿ ಉಳಿಯುತ್ತದೆ. ಆ ಒಳ ಅಂಚಿಗೆ ಕಚ್ಚಾ ಹೊಲಿಗೆ ಹಾಕಿ ದಾರ ಎಳೆದು ಸುಕ್ಕು ಹಂಚಿ. ಅವಸರದಲ್ಲಿ ಒಳ ಅಂಚನ್ನೇ ಅಳತೆಗೆ ಹಿಡಿದು ಹೊಲಿದರೆ ಹೊರ ಅಂಚು ಸಾಲದೆ ಮೂಲೆ ತಟ್ಟೆಯ ಹಾಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ, ಇಸ್ತ್ರಿಯಿಂದ ಅದು ಸರಿಹೋಗದು. ಮೆಷಿನ್‌ನಲ್ಲಿ ಹೊಲಿಯುವಾಗ 11 ನಂಬರ್ ಸೂಜಿ, ಸಣ್ಣ ಜಿಗ್‌ಜ್ಯಾಗ್, ಕೆಳಗೆ ಬಟರ್ ಪೇಪರ್. ಪೇಪರ್ ಇಲ್ಲದಿದ್ದರೆ ನೆಟ್ ಸೂಜಿಯ ತೂತಿಗೆ ಎಳೆದುಕೊಳ್ಳುತ್ತದೆ. ದಿನಪತ್ರಿಕೆ ಇಟ್ಟರೆ ಬಿಳಿ ಲೇಸಿಗೆ ಮಸಿ. ನೆಟ್ಟಿನ ಅಂಚು ಎಳೆ ಬಿಡುವುದಿಲ್ಲ, ಮಡಚಿ ಹೊಲಿಯಬೇಕಿಲ್ಲ. ಇಸ್ತ್ರಿ ತೀರಾ ಕಡಿಮೆ ಬಿಸಿಯಲ್ಲಿ, ಮೇಲೊಂದು ಕಾಟನ್ ಬಟ್ಟೆ ಹಾಸಿ.

ಇನ್ನು ಕೂದಲು. ಎಲ್ಲ ಭಾರ ಹೊರುವುದು ತುರುಬು. ಮದುವೆಯ ದಿನ ತಲೆಗೆ ಸ್ನಾನ ಮಾಡಿದರೆ ಕೂದಲು ಜಾರುತ್ತದೆ, ಹಿಂದಿನ ದಿನವೇ ಮುಗಿಸಿ. ಹಿಂದಲೆಯ ನಡುಮಟ್ಟದಲ್ಲಿ ಬಿಗಿಯಾದ ತುರುಬು ಕಟ್ಟಿ. ಕೂದಲು ತೆಳ್ಳಗಿದ್ದರೆ ಚೌರಿ ಸೇರಿಸಿ. ನೆತ್ತಿಯ ಹಿಂದೆ, ತುರುಬಿಗೆ ಸ್ವಲ್ಪ ಮುಂದೆ, ಒಂದು ಹಿಡಿ ಕೂದಲನ್ನು ಬುಡದಿಂದ ಹಿಮ್ಮುಖವಾಗಿ ಬಾಚಿ ಗಂಟುಗಟ್ಟಿಸಿ. ಬಾಚಣಿಗೆಯ ಹಲ್ಲು ಇಳಿಯಬೇಕಾದದ್ದು ಅಲ್ಲಿಗೆ. ಮೊದಲು ಹಲ್ಲನ್ನು ಮುಖದ ಕಡೆಗೆ ಓರೆ ಹಿಡಿದು ಕೂದಲಿಗೆ ಕೊಟ್ಟು, ಆಮೇಲೆ ಹಿಂದಕ್ಕೆ ತಿರುಗಿಸಿ ಒತ್ತಿ. ನೇರ ಚುಚ್ಚಿದ್ದು ಅರ್ಧ ಗಂಟೆಯಲ್ಲಿ ವಾಲುತ್ತದೆ. ಎರಡೂ ಬದಿಗೆ ಹೇರ್‌ಪಿನ್‌ಗಳನ್ನು ಗುಣಿಸು ಗುರುತಿನ ಹಾಗೆ ಅಡ್ಡಹಾಕಿ, ಕೆತ್ತನೆಯ ತೂತಿನಲ್ಲಿ ಕಪ್ಪು ದಾರ ಹಾಯಿಸಿ ತುರುಬಿನ ಪಿನ್ನಿಗೆ ಕಟ್ಟಿ. ಈಗ ಹುಡುಗಿ ಮೂರು ಸಲ ಮೊಣಕಾಲೂರಿ ತಲೆಬಾಗಿ ಏಳಲಿ. ಅಲುಗಾಡಿದರೆ ಪಿನ್ ಹೆಚ್ಚಿಸಬೇಡಿ, ತುರುಬನ್ನೇ ಬಿಚ್ಚಿ ಮತ್ತೆ ಕಟ್ಟಿ.

ಮುಸುಕಿನ 54 ಇಂಚಿನ ಬದಿಯ ನಡುಭಾಗ ಮುಂದೆ ಬರಲಿ, ಲೇಸಿನ ಅಂಚು ಹಣೆಗೂದಲು ಶುರುವಾಗುವಲ್ಲಿಗೆ ಮುಟ್ಟಲಿ. ಬಾಚಣಿಗೆಯ ತುದಿಗೆ ನಾಲ್ಕು ಹೊಲಿಗೆ ಹಾಕಿ. ಹಿಂದೆ, ಬಾಚಣಿಗೆಯ ಬುಡದಲ್ಲಿ ಬಟ್ಟೆಯನ್ನು ಒಂದು ನೆರಿಗೆಯಾಗಿ ಹಿಡಿದು ಬ್ರೂಚ್ ಚುಚ್ಚಿ. ಬಾಚಣಿಗೆಯ ಆಕಾರ ಎದ್ದು ಕಾಣುವುದು ಆಗಲೇ. ಎಡ ಭುಜದಲ್ಲಿ ಸೆರಗಿನ ಮಡಿಕೆಗೆ, ಬಲದಲ್ಲಿ ರವಿಕೆಯ ತೋಳಿಗೆ ಪಿನ್ ಮಾಡಿ. ಪಿನ್ ಹಾಕುವಾಗ ಹುಡುಗಿ ಕತ್ತು ಪೂರ್ತಿ ಬಗ್ಗಿಸಿರಬೇಕು. ನೆಟ್ಟಗೆ ನಿಂತು ಬಿಗಿದರೆ ತಲೆ ಬಗ್ಗಿಸಿದ ಮೊದಲ ಸಲವೇ ಬಾಚಣಿಗೆ ಹಿಂದಕ್ಕೆ ಕಿತ್ತುಬರುತ್ತದೆ. ಕೊಕ್ಕೆಯ ಝುಮುಕಿಗಿಂತ ತಿರುಪಿನ ಓಲೆ ವಾಸಿ, ಲೇಸಿಗೆ ಸಿಕ್ಕುವುದಿಲ್ಲ.

ಹೂವು? ಸ್ಪೇನಿನಲ್ಲಿ ಕಿತ್ತಳೆ ಹೂ ಮುಡಿಯುವ ರೂಢಿ. ಚಿಕ್ಕಮಗಳೂರಿನವರಿಗೆ ಕಾಫಿ ಹೂ ನೆನಪಾದೀತು, ಬಣ್ಣ ಪರಿಮಳ ಎರಡೂ ಒಪ್ಪುತ್ತದೆ, ಆದರೆ ಕೊಯ್ದರೆ ಬೇಗ ಬಾಡುತ್ತದೆ. ಮಲ್ಲಿಗೆಯೇ ಇರಲಿ. ದಂಡೆಯನ್ನು ತುರುಬಿನ ಕೆಳಗಂಚಿಗೆ ಸುತ್ತಿ. ನೆಟ್ಟಿಗೆ ತಾಗಿದರೆ ಮಧ್ಯಾಹ್ನದ ಹೊತ್ತಿಗೆ ಕಂದು ಕಲೆ.

ಸ್ಪೇನಿನ ಮದುವೆಯ ಇನ್ನೊಂದು ರೂಢಿ ಅರ್ರಾಸ್, ಅಂದರೆ ಮದುಮಗ ಮದುಮಗಳ ಕೈಗೆ ಸುರಿಯುವ 13 ನಾಣ್ಯ. ಪೂಜೆಯ ನಡುವೆ ಸೇರಿಸಬೇಕಾದರೆ ಫಾದರ್ ಒಪ್ಪಿಗೆ ಮೊದಲೇ ಪಡೆಯಿರಿ. ಹತ್ತು ರೂಪಾಯಿಯ ನಾಣ್ಯಗಳೇ ಚೆಂದ, ಚಿನ್ನದ ಬಣ್ಣದ ಅಂಚಿದೆ, ಒಂದೊಂದು 7.71 ಗ್ರಾಂ, ಒಟ್ಟು ನೂರು ಗ್ರಾಂ ತೂಗುತ್ತವೆ. ತಗೊಳ್ಳಲ್ಲ ಅನ್ನುವ ಅಂಗಡಿಗಳ ಮಧ್ಯೆ ಅವಕ್ಕೂ ಒಂದು ಮರ್ಯಾದೆ ಸಿಕ್ಕಂತಾಯಿತು. ಬೊಗಸೆಗೆ ಸುರಿದಾಗ ಚೆಲ್ಲದಂತೆ ಕೆಳಗೆ ತಟ್ಟೆ ಹಿಡಿಯಿರಿ.

ಫೋಟೋಗೆ ಹಾಸನದ ಬಳಿಯ ಶೆಟ್ಟಿಹಳ್ಳಿಯ ಪಾಳುಬಿದ್ದ ಹಳೇ ಚರ್ಚಿಗೆ ಹೋಗುವವರು ಹೇಮಾವತಿ ಹಿನ್ನೀರಿನ ಗಾಳಿ ನೆನಪಿಡಿ. ಮುಸುಕು ಗಾಳಿಪಟವಾಗದಂತೆ ಹಿಂದಿನ ಎರಡು ಮೂಲೆಗೆ ಒಳಗಿನಿಂದ ಒಂದೊಂದು ಸಣ್ಣ ಗುಂಡಿ ಹೊಲಿದರೆ ಸಾಕು. ಒರಟು ಗೋಡೆಗೆ ಒರಗಿದರೆ ಲೇಸ್ ಹರಿಯುತ್ತದೆ.

ಬಿಚ್ಚುವಾಗ ಮೊದಲು ಭುಜದ ಪಿನ್, ಆಮೇಲೆ ಬ್ರೂಚ್, ನಂತರ ನಾಲ್ಕು ಹೊಲಿಗೆ, ಕೊನೆಗೆ ಬಾಚಣಿಗೆ. ಮುಸುಕನ್ನು ಮಡಚದೆ ಹಳೇ ಕಾಟನ್ ಸೀರೆಯೊಳಗೆ ಸುರುಳಿ ಸುತ್ತಿಡಿ. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ.