ಪುಳಿಮುಂಚಿ ಬಿಡಬೇಕಾಗಿಲ್ಲ, ತಂಗಳು ಬಿಡಿ

ಅಮ್ಮನಿಗೆ ಕಿಡ್ನಿ ಕಸಿ ಆದ ಹೊಸದರಲ್ಲಿ ಹೆದರಿಕೊಂಡು ಮನೆಯಲ್ಲಿ ಮೀನನ್ನೇ ನಿಲ್ಲಿಸಿದ್ದೆವು. ಅವರು ಎರಡು ತುತ್ತು ಉಂಡು ಏಳತೊಡಗಿದರು. ಮಂಗಳೂರಿನವರಿಗೆ ಮೀನಿಲ್ಲದ ಊಟ ಎಷ್ಟು ದಿನ ಸೇರೀತು? ಬಿಡಬೇಕಾದದ್ದು ಮೀನನ್ನಲ್ಲ ಅಂತ ಗೊತ್ತಾದದ್ದು ಆಮೇಲೆ.

ಕಸಿಯ ನಂತರದ ಮಾತ್ರೆ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ತಿಂಗಳುಗಟ್ಟಲೆ ನುಂಗುವ ಸ್ಟೀರಾಯ್ಡ್ ಇವೆಲ್ಲ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ನಮಗೆ ಒಂದು ದಿನದ ಹೊಟ್ಟೆನೋವಲ್ಲಿ ಮುಗಿಯುವ ಸೋಂಕು ಇಂಥ ಔಷಧ ತೆಗೆದುಕೊಳ್ಳುವವರನ್ನು ಆಸ್ಪತ್ರೆಗೆ ಸೇರಿಸಬಹುದು.

ಮೊದಲು ನೀರು. ಮಳೆಗಾಲದಲ್ಲಿ ಬಾವಿ ನೀರು ಕಲಕುತ್ತದೆ. ಸೋಸಿ, ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ. ರಸ್ತೆ ಬದಿಯ ಕಬ್ಬಿನ ಹಾಲು, ಐಸ್ ಹಾಕಿದ ಜ್ಯೂಸ್ ಬೇಡ.

ಮಾರ್ಕೆಟ್‌ಗೆ ಹೋದರೆ ಮೀನನ್ನು ಕೊನೆಗೆ ಕೊಳ್ಳಿ, ಐಸ್ ಹಾಕಿಸಿಕೊಂಡು ನೇರ ಮನೆಗೆ ಬನ್ನಿ. ಮೀನು ಕತ್ತರಿಸುವ ಮಣೆ, ಚೂರಿ ಬೇರೆಯೇ ಇರಲಿ. ಮಾಂಸ ಬಿಳಿಯಾಗಿ ಮುಳ್ಳಿನಿಂದ ಸಲೀಸಾಗಿ ಬಿಡುವ ತನಕ ಬೇಯಿಸಿ. ಮರುವಾಯಿ (ಚಿಪ್ಪುಮೀನು) ವಿಷಯದಲ್ಲಿ ಇನ್ನೂ ಜಾಗ್ರತೆ: ಅದು ಹೊಳೆಯ ನೀರನ್ನು ಸೋಸಿ ತಿನ್ನುವ ಜೀವಿ, ನೀರಿನ ಕೊಳೆಯೂ ಅದರೊಳಗೆ ಸೇರುತ್ತದೆ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಎಸೆಯಿರಿ.

ಈಗ ಮುಖ್ಯ ಮಾತು. ಬಂಗುಡೆ ಪುಳಿಮುಂಚಿ (ಹುಳಿ-ಖಾರದ ಮೀನು ಸಾರು) ಮರುದಿನವೇ ರುಚಿ ಅಂತ ಮಡಕೆಯನ್ನು ರಾತ್ರಿಯಿಡೀ ಒಲೆಯ ಮೇಲೆ ಬಿಡುತ್ತೇವಲ್ವಾ? ಅಲ್ಲೇ ತೊಂದರೆ. ಅಡುಗೆಯಾಗಿ ಎರಡು ಗಂಟೆಯೊಳಗೆ ಅಗಲ ಪಾತ್ರೆಗಳಿಗೆ ಸ್ವಲ್ಪ ಸ್ವಲ್ಪ ಹಂಚಿ ಫ್ರಿಜ್‌ಗೆ ಇಡಿ. ದೊಡ್ಡ ಮಡಕೆಯ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ, ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ ಬಿಸಿ. ಮರುದಿನ ಬೇಕಾದಷ್ಟೇ ತೆಗೆದು, ನಡುವಲ್ಲೂ ಗುಳ್ಳೆ ಏಳುವ ತನಕ ಕುದಿಸಿ. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಎತ್ತಿಡಬೇಡಿ. ನಾನು ಪ್ರತಿ ಡಬ್ಬಿಗೂ ದಿನಾಂಕ ಬರೆದ ಕಾಗದ ಅಂಟಿಸುತ್ತೇನೆ. ಎರಡು ದಿನ ದಾಟಿದ್ದು ಅಮ್ಮನ ತಟ್ಟೆಗೆ ಬರುವುದಿಲ್ಲ.

ಅನ್ನ ಇನ್ನೂ ಮೋಸದ್ದು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ, ಆ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ ರಾತ್ರಿ ಹೊರಗಿಟ್ಟ ತಂಗಳನ್ನ ಬೇಡವೇ ಬೇಡ. ಕುಚ್ಚಲಕ್ಕಿ ಗಂಜಿಯನ್ನು ಬಿಸಿಬಿಸಿಯಾಗಿ ಧಾರಾಳ ಉಣ್ಣಲಿ. ಮಳೆಗಾಲದಲ್ಲಿ ಕರೆಂಟ್ ನಾಲ್ಕು ಗಂಟೆಗಿಂತ ಜಾಸ್ತಿ ಹೋಗಿದ್ದರೆ ಫ್ರಿಜ್‌ನಲ್ಲಿದ್ದ ಮೀನು, ಹಾಲು, ಸಾರು ಚೆಲ್ಲಿಬಿಡಿ. ಮನಸ್ಸಿಗೆ ಕಷ್ಟವಾಗುತ್ತದೆ, ಆದರೂ.

ಮದುವೆ, ಪೂಜೆಗೆ ಹೋದರೆ ಮೊದಲ ಪಂಕ್ತಿಯಲ್ಲೇ ಕೂರಿಸಿ. ಬಿಸಿ ಅನ್ನ, ಸಾರು, ಪಾಯಸ ಆಗಬಹುದು. ಕೋಸಂಬರಿ, ಹಸಿ ಮೊಳಕೆ ಕಾಳು, ತುಂಬಾ ಹೊತ್ತು ಹೊರಗಿದ್ದ ತೆಂಗಿನಕಾಯಿ ಚಟ್ನಿ ಬೇಡ. ಮನೆಯಲ್ಲೂ ಹಾಫ್ ಬಾಯಿಲ್ ಮೊಟ್ಟೆ ಬೇಡ.

ಹಣ್ಣನ್ನು ತೊಳೆದು, ಸಿಪ್ಪೆ ತೆಗೆದು ಕೊಡಿ. ಚಕ್ಕೋತ ಮಾತ್ರ ಬೇಡ. ಕಸಿಯ ನಂತರ ಕೊಡುವ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಮಾತ್ರೆ ತೆಗೆದುಕೊಳ್ಳುವವರ ರಕ್ತದಲ್ಲಿ ಅದು ಔಷಧದ ಮಟ್ಟ ಏರಿಸಬಹುದು.

ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ವಾಂತಿ ಅಥವಾ ಭೇದಿ ಶುರುವಾದರೆ, ನಾಳೆ ನೋಡೋಣ ಅನ್ನಬೇಡಿ. ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ಸ್ಟೀರಾಯ್ಡ್ ಇದ್ದವರಲ್ಲಿ ಜ್ವರ ಕಾಣಿಸದೆಯೂ ಇರಬಹುದು. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ನಮ್ಮ ಫ್ರಿಜ್ ಬಾಗಿಲ ಮೇಲೆ ಡಾಕ್ಟರ ಫೋನ್ ನಂಬರ್ ದೊಡ್ಡ ಅಕ್ಷರದಲ್ಲಿದೆ, ಅಮ್ಮನಿಗೆ ಕನ್ನಡಕವಿಲ್ಲದೆಯೂ ಕಾಣುವಷ್ಟು.