ಮುಳ್ಳು ಒಂದೇ, ಕಾರಣ ಎರಡು

ದ್ವಿತೀಯ ಪಿಯುಸಿ ಮಕ್ಕಳಿಗೆ ಹನ್ನೆರಡು ವರ್ಷ ಫ್ಯಾರಡೆಯ ನಿಯಮ ಕಲಿಸಿದ್ದೇನೆ: ಸುರುಳಿಯೊಳಗಿನ ಕಾಂತಕ್ಷೇತ್ರ ಬದಲಾದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಕಾಂತವನ್ನು ಸುರುಳಿಯೊಳಗೆ ತೂರಿಸುವುದು, ವಿದ್ಯುತ್ ಹರಿವು ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಓಲಾಡಿತೆಂದು ತೋರಿಸುವುದು, ಮುಂದಿನ ಪಾಠಕ್ಕೆ ಹೋಗುವುದು, ಇಷ್ಟೇ ಆಗಿತ್ತು. ಕಳೆದ ವರ್ಷ ಬೆಟಗೇರಿಯ ನೇಕಾರರ ಮನೆಯ ಹುಡುಗಿಯೊಬ್ಬಳು, "ಸರ್, ಕಾಂತ ಸುಮ್ಮನಿದ್ದು ಸುರುಳಿಯೇ ಓಡಿದರೆ?" ಎಂದಳು. "ನೋಡಿಯೇಬಿಡೋಣ, ಸುರುಳಿ ನೀನೇ ಸುತ್ತು ತಂಗಿ" ಎಂದೆ.

ಗದಗಿನ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಾಮ್ರದ ತಂತಿ ತಂದೆ. ಮಗ್ಗದ ಕಂಡಿಕೆ ಸುತ್ತಿ ಪಳಗಿದ ಕೈ ಅವಳದು. ಪಿವಿಸಿ ಪೈಪಿನ ತುಂಡಿನ ಮೇಲೆ 400 ಸುತ್ತು, ಒಂದರ ಮೇಲೊಂದು ಏರದಂತೆ ಸುತ್ತಿದಳು. ತೊಡಕಾದದ್ದು ವೇಗ. ಎರಡು ಪುಟ್ಟ ಗಾಡಿಗಳನ್ನು ಒಂದೇ ತೂಗುಕಲ್ಲಿನಿಂದ ಎಳೆಸಿದರೂ ಕಾಂತದ ಗಾಡಿ ಭಾರವಾಗಿ ಹಿಂದೆ ಬೀಳುತ್ತಿತ್ತು. ಸುರುಳಿಯ ಗಾಡಿಗೆ ಬೋಲ್ಟುಗಳನ್ನು ಹೇರಿ ತೂಕ ಸರಿಮಾಡಿದೆವು. ಗ್ಯಾಲ್ವನೋಮೀಟರಿಗೆ ಹೋಗುವ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು, ಗಾಡಿ ಓಡಲು ಸಡಿಲ ಬಿಟ್ಟೆವು.

ಕಾಂತ ಓಡಿದಾಗಲೂ ಸುರುಳಿ ಓಡಿದಾಗಲೂ ಮುಳ್ಳು ಹೆಚ್ಚುಕಡಿಮೆ ಅದೇ ಗೆರೆಯವರೆಗೆ ಹೋಯಿತು. ಎರಡನ್ನೂ ಕಟ್ಟಿ ಒಟ್ಟಿಗೆ ಓಡಿಸಿದಾಗ ಅಲುಗಲಿಲ್ಲ.

ಕಾಂತ ಓಡುವಾಗ, ಮೇಜಿನ ಬಳಿ ನಿಂತ ನಮ್ಮ ಲೆಕ್ಕದಲ್ಲಿ ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸಿ ಎಲೆಕ್ಟ್ರಾನುಗಳನ್ನು ತಳ್ಳುತ್ತದೆ. ಸುರುಳಿ ಓಡುವಾಗ ನಮಗೆ ಅಂಥ ವಿದ್ಯುತ್ ಕ್ಷೇತ್ರವೇ ಇಲ್ಲ. ಕಾಂತಕ್ಷೇತ್ರದೊಳಗೆ ಚಲಿಸುವ ಎಲೆಕ್ಟ್ರಾನಿನ ಮೇಲೆ ಕಾಂತೀಯ ಬಲವಿದೆ. ಆದರೆ ಆ ಗಾಡಿಯ ಮೇಲೆ ಕುಳಿತ ಇರುವೆಗೆ ಸುರುಳಿ ನಿಂತಿದೆ, ಕಾಂತವೇ ಬರುತ್ತಿದೆ. ಅದರ ಪಾಲಿಗೆ ವಿದ್ಯುತ್ ಕ್ಷೇತ್ರ ಇದ್ದೇ ಇದೆ. ಸಾಪೇಕ್ಷತಾ ಸಿದ್ಧಾಂತದ 1905ರ ಪ್ರಬಂಧವನ್ನು ಐನ್‌ಸ್ಟೈನ್ ಆರಂಭಿಸಿದ್ದು ಇದೇ ಕಾಂತ ಮತ್ತು ತಂತಿಯ ಮಾತಿನಿಂದ.

ಅಂಕಿಯಲ್ಲಿ ಹೇಳುವುದಾದರೆ, ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ 0.1 ಟೆಸ್ಲಾ ಕಾಂತಕ್ಷೇತ್ರವಿದೆ, ಗಂಟೆಗೆ 72 ಕಿ.ಮೀ. ವೇಗದ ರೈಲು ಅದಕ್ಕೆ ಅಡ್ಡಲಾಗಿ ಸಾಗುತ್ತಿದೆ ಎಂದುಕೊಳ್ಳಿ. ಸೆಕೆಂಡಿಗೆ 20 ಮೀಟರ್. ವೇಗವನ್ನು ಕಾಂತಕ್ಷೇತ್ರದಿಂದ ಗುಣಿಸಿದರೆ, ಕಿಟಕಿಯ ಬಳಿ ಕುಳಿತವರ ಲೆಕ್ಕಕ್ಕೆ ಅಲ್ಲಿ ಮೀಟರಿಗೆ 2 ವೋಲ್ಟಿನ ವಿದ್ಯುತ್ ಕ್ಷೇತ್ರವೂ ಇದೆ. ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಸೊನ್ನೆ.

"ಹಾಗಾದರೆ ಇನ್ನೂ ವೇಗವಾಗಿ ಓಡಿದರೆ ಕಾಂತಕ್ಷೇತ್ರ ಪೂರ್ತಿ ಮಾಯವಾಗುತ್ತದೆಯೇ ಸರ್?" ಎಂದು ಅವಳೇ ಕೇಳಿದಳು. ಇಲ್ಲ. ವಿದ್ಯುತ್ ಕ್ಷೇತ್ರದ ವರ್ಗದಿಂದ, ಕಾಂತಕ್ಷೇತ್ರವನ್ನು ಬೆಳಕಿನ ವೇಗದಿಂದ ಗುಣಿಸಿ ಬಂದದ್ದರ ವರ್ಗವನ್ನು ಕಳೆದರೆ ಉಳಿಯುವ ಬೆಲೆ ಎಲ್ಲ ವೀಕ್ಷಕರಿಗೂ ಒಂದೇ. ಬರೀ ಕಾಂತಕ್ಷೇತ್ರದಿಂದ ಹೊರಟರೆ ಅದು ಋಣ ಸಂಖ್ಯೆ. ಎಷ್ಟು ಓಡಿದರೂ ಋಣವಾಗಿಯೇ ಇರಬೇಕು; ಕಾಂತಕ್ಷೇತ್ರ ಸೊನ್ನೆಯಾದರೆ ಅದು ಋಣವಾಗಲಾರದು. "ಕಾಂತತ್ವ ಎಂಬುದು ಬರೀ ನೋಟದ ಭ್ರಮೆ" ಎಂದು ಹಿಂದಿನ ತಂಡಗಳಿಗೆ ನಾನು ತಪ್ಪಾಗಿ ಹೇಳಿದ್ದೆ. ಆ ಮಕ್ಕಳಲ್ಲಿ ಸಿಕ್ಕವರಿಗೆಲ್ಲ ಈಗ ತಿದ್ದಿ ಹೇಳುತ್ತಿದ್ದೇನೆ.